ಲೈಟಿನ ಕಂಬ ಅಂದರೆ ಲೈಟಿನ ಕಂಬ

ಬೀದಿಯಲ್ಲಿ ನಿಂತು ಬೆಳಕು ಕೊಡುವ ಕಂಬಕ್ಕೆ ಪುಸ್ತಕದಲ್ಲಿ ಏನೇ ಹೆಸರಿರಲಿ, ಇಜೇರಿ ದಾಟಿ ಒಳಗೆ ಹೋದರೆ ಸಿಗುವ ನಮ್ಮ ಹಳ್ಳಿಯಲ್ಲಿ ಅದು ಲೈಟಿನ ಕಂಬ. ಮುಸಲ್ಮಾನರ ಮನೆಗಳಲ್ಲಿ ಬಿಜಲಿ ಕಾ ಖಂಬಾ ಎನ್ನುತ್ತಾರೆ. ಅವಸರವಿದ್ದಾಗ ಎಲ್ಲರೂ ಬರೀ ಕಂಬ ಎನ್ನುತ್ತಾರೆ. ಅದರ ತಲೆಯ ಮೇಲೆ ಲೈಟು ಇರಲೇಬೇಕು ಅಂತೇನೂ ಇಲ್ಲ. ಬಲ್ಬು ಸುಟ್ಟುಹೋಗಿ ಮಳೆಗಾಲ ಬಂದುಹೋದರೂ ಅದು ಲೈಟಿನ ಕಂಬವೇ. ನೌಕರಿ ಮುಗಿದ ಮೇಲೂ ಮಾಸ್ತರನನ್ನು ನಾವು ಮಾಸ್ತರ ಎಂದೇ ಕರೆಯುವುದಿಲ್ಲವೇ, ಹಾಗೆ.

ನಮ್ಮ ಗಲ್ಲಿಯ ಬಾಯಲ್ಲಿ ಅಂಥದೊಂದು ಕಂಬವಿದೆ. ಅದಕ್ಕೆ ಅಂಟಿಕೊಂಡಂತೆ ನನ್ನ ಹಿಟ್ಟಿನ ಗಿರಣಿ. ಕಂಬದಿಂದಲೇ ಗಿರಣಿಗೆ ಕರೆಂಟು ಬರುವುದರಿಂದ ದಿನವೆಲ್ಲ ನನ್ನ ಒಂದು ಕಣ್ಣು ಜೋಳದ ಮೇಲೆ, ಇನ್ನೊಂದು ಕಂಬದ ಮೇಲೆ. ತಂತಿ ಚಟಪಟ ಅಂದರೆ ನನ್ನ ಎದೆಯೂ ಚಟಪಟ ಅನ್ನುತ್ತದೆ. ಗಲ್ಲಿ ಎಷ್ಟು ಸಣ್ಣದೆಂದರೆ ಎದುರಿನಿಂದ ಎಮ್ಮೆ ಬಂದರೆ ನಾವೇ ಯಾರದಾದರೂ ಮನೆಯೊಳಗೆ ಹೋಗಿ ನಿಲ್ಲಬೇಕು. ಗಾಡಿ ಬರುವ ಮಾತೇ ಇಲ್ಲ. ಹಾಗಾಗಿ ಎಲ್ಲ ವ್ಯವಹಾರವೂ ಕಂಬದ ಹತ್ತಿರ. ಮದುಮಗಳು ಇಳಿಯುವುದು ಅಲ್ಲಿ, ಸಿಲಿಂಡರ್ ಇಳಿಯುವುದು ಅಲ್ಲಿ, ಸತ್ತವರ ಸುದ್ದಿ ಅಂಟಿಸುವುದೂ ಅಲ್ಲೇ. ಕೆಲಸವಿಲ್ಲದೆ ನಿಂತವನನ್ನು ಬೈಯಲಿಕ್ಕೂ ಅದೇ ಬೇಕು: "ಯಾಕಲೇ, ಲೈಟಿನ ಕಂಬ ನಿಂತಂಗ ನಿಂತಿ?"

ಹಾಗಂತ ನಮ್ಮೂರಿನಲ್ಲಿ ದೀಪದ ಕಂಬ ಇಲ್ಲ ಎಂದಲ್ಲ. ಇದೆ, ಆದರೆ ಅದು ಬೇರೆ. ಹಳ್ಳದ ಆಚೆ ಹಳೇ ಊರಿದೆ. ಹಳ್ಳ ಮೇಲಿಂದ ಮೇಲೆ ಉಕ್ಕಿ ಬಂದದ್ದರಿಂದ ಜನ ಅಲ್ಲಿನ ಮನೆ ಬಿಟ್ಟು ಈಚೆ ಬಂದರು, ಹಣಮಪ್ಪ ಮಾತ್ರ ಅಲ್ಲೇ ಉಳಿದ. ಅವನ ಗುಡಿಯ ಮುಂದೆ ಒಂದು ಕಲ್ಲಿನ ಕಂಬ, ಅದರ ಸುತ್ತ ಹಣತೆ ಇಡಲು ಸಣ್ಣ ಸಣ್ಣ ಗೂಡು. ಕಾರ್ತಿಕದಲ್ಲಿ ಎಣ್ಣೆ ಹಾಕಿ ಹಚ್ಚುತ್ತಾರೆ. ಹೊಸದಾಗಿ ಏನೇ ಶುರು ಮಾಡುವವರು, ದೂರ ಹೊರಟವರು, ದಿನ ತುಂಬಿದ ಬಸುರಿಯರು ಅದಕ್ಕೊಂದು ನಮಸ್ಕಾರ ಹಾಕಿ ಹೋಗುವುದು ವಾಡಿಕೆ. ಸುತ್ತಲಿನ ಹಳ್ಳಿಗಳಿಗೂ ಅದು ಗೊತ್ತು. ಅದು ದೀಪದ ಕಂಬ. ನಮ್ಮ ಗಲ್ಲಿಯದು ಲೈಟಿನ ಕಂಬ. ಎರಡು ಮಾತು, ಎರಡು ವಸ್ತು. ಹುಟ್ಟಿದಂದಿನಿಂದ ಒಬ್ಬರೂ ಇವನ್ನು ಅದಲುಬದಲು ಮಾಡಿದ್ದನ್ನು ನಾನು ಕೇಳಿರಲಿಲ್ಲ.

ಅಳಿಯ ಬರುವ ತನಕ.

ಮಗಳು ಓದಿದ್ದು ಕಡಗಂಚಿಯಲ್ಲಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ. ಓದು ಮುಗಿಸಿ ಬರುವಾಗ ಜೊತೆಗೆ ಹಾಸನದ ಕಡೆಯ ಒಬ್ಬ ಹುಡುಗನ ಸುದ್ದಿಯನ್ನೂ ತಂದಳು. ಹುಡುಗ ಒಳ್ಳೆಯವನು, ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಮನೆಯವರೂ ನಮ್ಮ ಹಾಗೆ ಲಿಂಗ ಕಟ್ಟಿದವರು. ಬೇಡ ಅನ್ನಲು ನನಗೆ ಕಾರಣವೇ ಸಿಗಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅವನು ಮಾತಾಡಿದರೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ. "ಮಾವ, ಊಟ ಆಯ್ತಾ?" ಎಂದು ಕೇಳಿದರೂ ನಾನು ಪಂಜೆ ಸರಿಮಾಡಿಕೊಂಡು ನೆಟ್ಟಗೆ ಕೂಡುತ್ತಿದ್ದೆ. ನನ್ನ ಮಾತು ಅವನಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಮುಗುಳ್ನಗುತ್ತಿದ್ದ.

ಆಳು ಉದ್ದ, ಮೈಯಲ್ಲಿ ಮಾಂಸವಿಲ್ಲ. ಗಲ್ಲಿಯ ಹೆಂಗಸರು ಮೊದಲ ದಿನವೇ ಅವನಿಗೆ ಲೈಟಿನ ಕಂಬ ಎಂದು ಹೆಸರಿಟ್ಟರು. ಅವನ ಕಿವಿಗೂ ಅದು ಬಿತ್ತು. ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದ: "ಲೈಟಿನ ಕಂಬ ಅಂದ್ರೆ ಏನು?" ಮಗಳು ರೊಟ್ಟಿ ಹಾಕುತ್ತ ನಕ್ಕು, "ದೀಪದ ಕಂಬ ರೀ, ನಿಮ್ಮ ಕಡಿ ಭಾಷಾದಾಗ" ಅಂದಳು. ಎಲ್ಲರೂ ನಕ್ಕೆವು. ಅವನೂ ನಕ್ಕ, ಮತ್ತು ಒಳ್ಳೆಯ ವಿದ್ಯಾರ್ಥಿಯಂತೆ ಅದನ್ನು ನೆನಪಿಟ್ಟುಕೊಂಡ.

ಮೊದಲ ಹೆರಿಗೆಗೆ ಮಗಳು ತವರಿಗೆ ಬಂದಳು. ಜೇವರ್ಗಿಯ ಡಾಕ್ಟರಮ್ಮ ಪ್ರತಿ ಸಲವೂ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಗಂಟು ಹಾಕುತ್ತಿದ್ದರು. ಬಿಪಿ ಜಾಸ್ತಿ ಇದೆ ಎಂದರು. ಉಪ್ಪಿನಕಾಯಿ ಬೇಡ, ಗುಳಿಗೆ ತಪ್ಪಿಸಬೇಡಿ ಎಂದರು. ಕೊನೆಗೊಮ್ಮೆ ನನ್ನನ್ನೂ ಒಳಗೆ ಕರೆದು ಹೇಳಿದರು: "ತಲಿ ಸಿಡೀತು ಅಂದ್ಲು, ಕಣ್ಣ ಮಂಜಾತು ಅಂದ್ಲು ಅಂದ್ರ ಒಂದು ಗಳಿಗೀನೂ ತಡಾ ಮಾಡಬ್ಯಾಡ್ರಿ. ಫಿಟ್ಸ್ ಬಂದ್ರ ತಾಯಿ ಜೀವಕ್ಕೂ ಕಷ್ಟ, ಕೂಸಿಗೂ ಕಷ್ಟ."

ಅಂದಿನಿಂದ ನನಗೆ ನೆಮ್ಮದಿ ಹೋಯಿತು. ಗಿರಣಿ ಬಿಟ್ಟು ನೀರು ಕುಡಿಯುವ ನೆಪದಲ್ಲಿ ಮನೆಗೆ ಹೋಗುವುದು, ಮಗಳ ಕಾಲು ನೋಡುವುದು. ಬಾವು ಏರಿದೆಯೇ, ಇಳಿದಿದೆಯೇ? ಬೆಳಿಗ್ಗೆ ಹಾಕಿದ ಚಪ್ಪಲಿ ಸಂಜೆಗೆ ಹಿಡಿಯದಿದ್ದರೆ ಆ ರಾತ್ರಿ ಅವಳ ಕೋಣೆಯ ಬಾಗಿಲಲ್ಲೇ ಹಾಸಿಗೆ ಹಾಕುತ್ತಿದ್ದೆ. "ತಲಿ ನೋಯ್ತದೇನವ್ವ?" ಎಂದು ಕೇಳೀ ಕೇಳೀ ಅವಳಿಗೆ ಬೇಸರ ಹಿಡಿಸಿದ್ದೆ. "ನೀ ಕೇಳಿ ಕೇಳೇ ನೋಯಾಕತ್ತದ ಅಪ್ಪಾ" ಅನ್ನುತ್ತಿದ್ದಳು. ನನ್ನ ಹೆಂಡತಿ ಬೈಯುತ್ತಿದ್ದಳು: "ಗಂಡಸರು ಹಿಂಗ ಅಂಜಿ ಸಾಯ್ತಾರಂತ ದೇವರು ನಿಮಗ ಬಸಿರು ಕೊಟ್ಟಿಲ್ಲ." ಅವಳಿಗೂ ಭಯವಿತ್ತು. ಆದರೆ ಅವಳಿಗೆ ಮಾಡಲು ಕೆಲಸವಿತ್ತು, ನನಗೆ ಬರೀ ಭಯ.

ಅಳಿಯ ರಜೆ ಹಾಕಿ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಸಂಜೆ. ಗಿರಣಿಯಲ್ಲಿ ಜನ ಇದ್ದರು. ಕಂಬದ ಲೈಟು ಆಗಷ್ಟೇ ಹತ್ತಿತ್ತು. ಎದುರಿನ ಮುಸಲ್ಮಾನರ ಮನೆಯ ಖಾಲಾ, ಗಲ್ಲಿಯ ಅರ್ಧ ಬಾಣಂತನಗಳನ್ನು ನೋಡಿದ ಮುದುಕಿ, ಸೆರಗು ಜಾರಿದ್ದರ ಪರಿವೆಯೂ ಇಲ್ಲದೆ ಓಡಿ ಬಂದಳು. "ಗಿರಣಿ ಬಂದ್ ಮಾಡಪಾ, ನಿನ್ನ ಬೇಟಿಗಿ ಏನಾಗ್ಯದ ನೋಡು ನಡಿ" ಎಂದಳು. ನಾನು ಬೆಲ್ಟು ಬಿಚ್ಚದೆ, ಸ್ವಿಚ್ಚು ಒತ್ತಿ, ಹಿಟ್ಟಿನ ಕೈಯಲ್ಲೇ ಓಡಿದೆ.

ಮಗಳು ಬಾಗಿಲ ಹೊಸ್ತಿಲಲ್ಲಿ ತಲೆ ಹಿಡಿದು ಕೂತಿದ್ದಳು. ಮುಖ ಉಬ್ಬಿತ್ತು. ಗಲ್ಲಿಯ ತುದಿಗೆ ನೋಡುತ್ತ, "ಅವ್ವಾ, ಕಂಬದ ಲೈಟ್ ಎರಡೆರಡು ಕಾಣಾಕತ್ತಾವ" ಅಂದಳು.

ಡಾಕ್ಟರಮ್ಮನ ಮಾತು ನನ್ನ ಕಿವಿಯಲ್ಲಿ ಕೂಗತೊಡಗಿತು. ನಮಗೆ ಯಾವಾಗಲೂ ಗಾಡಿ ತರುವ ಡ್ರೈವರ್ ಆ ದಿನ ಮದುವೆಯ ಜನರನ್ನು ಕರೆದುಕೊಂಡು ಅಫಜಲಪುರಕ್ಕೆ ಹೋಗಿದ್ದ. ಫೋನಿನಲ್ಲಿ ಅವನೇ ಬೇರೆಯವನ ನಂಬರ್ ಕೊಟ್ಟ. ಅವನು ಪಕ್ಕದ ಹಳ್ಳಿಯವನು, ಗಾಡಿ ಮನೆ ಮುಂದೆಯೇ ಇದೆ, ಈಗಲೇ ಹೊರಡುತ್ತಾನೆ ಎಂದ. ಫೋನನ್ನು ಅಳಿಯನ ಕೈಗೆ ಕೊಟ್ಟು, "ಲೈಟಿನ ಕಂಬದ ಹತ್ರ ಬಂದು ನಿಂದ್ರು ಅಂತ ಹೇಳ್ರಿ, ಗಲ್ಲಿ ಒಳಗ ಗಾಡಿ ಬರಂಗಿಲ್ಲ" ಎಂದು ಹೇಳಿ ಕುರ್ಚಿ ಹುಡುಕಲು ಒಳಗೆ ಹೋದೆ. ಹೊರಗೆ ಬಂದಾಗ ಅವನು ಮಾತು ಮುಗಿಸಿದ್ದ. "ಬರ್ತಾ ಇದ್ದಾರಂತೆ ಮಾವ. ಜಾಗ ಗೊತ್ತು ಅಂದ್ರು." ಜಾಗ ಗೊತ್ತು ಎಂದದ್ದು ಕೇಳಿ ನನಗೆ ಸ್ವಲ್ಪ ಉಸಿರು ಬಂತು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ನಾನೂ ಅಳಿಯನೂ ಎರಡು ಕಡೆ ಹಿಡಿದು, ಗಲ್ಲಿಯ ಗೋಡೆಗಳಿಗೆ ಮೊಣಕೈ ತರಚಿಕೊಳ್ಳುತ್ತ ಅವಳನ್ನು ಕಂಬದ ಹತ್ತಿರ ತಂದೆವು. ಕುರ್ಚಿಯ ಬೆನ್ನು ಕಂಬಕ್ಕೆ ತಾಗಿಸಿ ಇಟ್ಟೆವು. ನನ್ನ ಹೆಂಡತಿ ಬಟ್ಟೆಯ ಗಂಟು ಹಿಡಿದು ನಿಂತಳು. ಖಾಲಾ ಮಗಳ ಕಾಲ ಬಳಿ ಕೂತು ತುಟಿಯಲ್ಲೇ ಏನೋ ಓದತೊಡಗಿದಳು. ನಾನು ರಸ್ತೆಯ ಎರಡೂ ಕಡೆ ನೋಡುತ್ತ ನಿಂತೆ.

ಗಾಡಿ ಬರಲಿಲ್ಲ.

ಪಕ್ಕದ ಹಳ್ಳಿಯಿಂದ ನಮ್ಮೂರಿಗೆ ಬರಲು ಎಷ್ಟು ಹೊತ್ತು ಬೇಕು? ಒಬ್ಬ ಚಹಾ ಕುಡಿದು ಮುಗಿಸುವಷ್ಟೂ ಬೇಡ. ಒಂದು ಬೈಕ್ ಬಂತು. ಕಬ್ಬಿನ ಟ್ರ್ಯಾಕ್ಟರ್ ಬಂತು, ಹಾಡು ಹಚ್ಚಿಕೊಂಡು. ದೂರದಲ್ಲಿ ಬೆಳಕು ಕಂಡಾಗಲೆಲ್ಲ ನಾನು ರಸ್ತೆಯ ನಡುವೆ ಹೋಗಿ ಕೈ ಎತ್ತುತ್ತಿದ್ದೆ, ಅದು ಬೇರೆ ಯಾರದೋ ಆಗಿರುತ್ತಿತ್ತು. ಜನ ಕೂಡತೊಡಗಿದರು. ಒಬ್ಬ ನಿಂಬೆಹಣ್ಣು ಹಿಂಡಿ ಕುಡಿಸಿ ಎಂದ, ಇನ್ನೊಬ್ಬ ಗಾಳಿ ಬಿಡಿ ಎಂದು ಎಲ್ಲರನ್ನೂ ತಳ್ಳಿ ತಾನೇ ಮುಂದೆ ಬಂದು ನಿಂತ. ಅಳಿಯ ಫೋನು ಕಿವಿಗೆ ಹಚ್ಚುತ್ತಿದ್ದ, ತೆಗೆಯುತ್ತಿದ್ದ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಹೆಣ್ಣು ದನಿ ಅದೇ ನಯದಲ್ಲಿ ಹೇಳುತ್ತಿತ್ತು. ಆ ದನಿಯ ನಯ ನನಗೆ ಅವತ್ತು ವಿಷ.

ಆಗ ಮಗಳು ಕೇಳಿದಳು: "ಅಪ್ಪಾ, ಕಂಬದ ಹತ್ರ ಬಂದ್ವೇನು?"

"ಬಂದೀವವ್ವ. ಕಂಬಕ್ಕ ಆನ್ಕೊಂಡೇ ಕುಂತೀದಿ."

"ಮತ್ತ ಲೈಟ್ ಯಾಕ ಹಚ್ಚಿಲ್ಲ?"

ಲೈಟು ಅವಳ ನೆತ್ತಿಯ ಮೇಲೆಯೇ ಉರಿಯುತ್ತಿತ್ತು. ಹುಳಗಳು ಅದರ ಸುತ್ತ ಹಾರುತ್ತಿದ್ದವು. ಅವಳ ಹಣೆಯ ವಿಭೂತಿ, ಮೂಗುತಿ, ಬೆವರು ಎಲ್ಲ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ಕಣ್ಣು ತೆರೆದೇ ಇತ್ತು. ನಾನು ಕೈಯನ್ನು ಅವಳ ಕಣ್ಣ ಮುಂದೆ ಆಡಿಸಿದೆ. ರೆಪ್ಪೆ ಅಲುಗಲಿಲ್ಲ. ನನ್ನ ಹೆಂಡತಿ ಅದನ್ನು ನೋಡಿದಳು, ಬಾಯಿಗೆ ಸೆರಗು ತುರುಕಿಕೊಂಡಳು. "ಕರೆಂಟ್ ಹೋಗ್ಯದವ್ವ, ಬರ್ತದ" ಎಂದು ನಾನು ಸುಳ್ಳು ಹೇಳಿದೆ. ಇಷ್ಟು ವರ್ಷ ಕರೆಂಟು ಹೋದಾಗಲೆಲ್ಲ ಬೈದವನು ನಾನು. ಅವತ್ತು ಊರಿಗೆ ಊರೇ ಕತ್ತಲಾಗಿ ಅದು ನಿಜವಾಗಬಾರದೇ ಎಂದು ಬೇಡಿಕೊಂಡೆ.

ಅಷ್ಟರಲ್ಲಿ ಫೋನು ಬಡಿಯಿತು. ಅಳಿಯ ಸ್ಪೀಕರ್ ಹಾಕಿದ.

"ಎಲ್ಲಿದ್ದೀರ್ರಿ? ನಾ ಬಂದು ಎಷ್ಟೊತ್ತಾತು. ಇಲ್ಲಿ ಟವರ್ ಸಿಗಲ್ದ ಕಟ್ಟಿ ಏರಿ ಫೋನ್ ಮಾಡಾಕತ್ತೇನಿ."

"ನಾವು ಕಂಬದ ಕೆಳಗೇ ಇದ್ದೀವಿ ಸರ್."

"ನಾನೂ ಕಂಬದ ಮುಂದನ ನಿಂತೇನ್ರಿ."

"ಇಲ್ಲಿ ಯಾವ ಗಾಡಿಯೂ ಬಂದಿಲ್ಲ ಸರ್."

"ಇಲ್ಲಿ ಯಾವ ಮನಷ್ಯಾನೂ ಇಲ್ರಿ!"

ನಾನು ಫೋನು ಕಸಿದುಕೊಂಡೆ. "ಲೇ ತಮ್ಮಾ, ಯಾವ ಕಂಬದ ಹತ್ರ ನಿಂತೀದಿ?"

"ದೀಪದ ಕಂಬ್ರಿ ಕಾಕಾ. ಅವರ ಹೇಳ್ಯಾರಲ್ರಿ. ಹಣಮಪ್ಪನ ಗುಡಿ ಮುಂದ. ಬಸುರಿ ಹೆಣ್ಣಮಗಳು ಅಂದ್ರಲ್ಲ, ದೀಪದ ಕಂಬಕ್ಕ ನಮಸ್ಕಾರ ಹಾಕ್ಸಿ ಕರ್ಕೊಂಡು ಹೊಂಡ್ತಾರ ಅನ್ಕೊಂಡೆ."

ಹಳ್ಳದ ಆಚೆ, ಜನವಿಲ್ಲದ ಹಳೇ ಊರಿನಲ್ಲಿ, ಕಲ್ಲಿನ ಕಂಬದ ಮುಂದೆ ಗಾಡಿ ನಿಲ್ಲಿಸಿಕೊಂಡು ಅವನು ನಮ್ಮ ದಾರಿ ಕಾಯುತ್ತಿದ್ದ. ಇಲ್ಲಿ ನಾವು ಅವನ ದಾರಿ ಕಾಯುತ್ತಿದ್ದೆವು. "ಲೈಟಿನ ಕಂಬಲೇ! ಗಿರಣಿ ಹತ್ರದ ಲೈಟಿನ ಕಂಬ! ಓಡಿಸಿಕೊಂಡು ಬಾ!" ಎಂದು ಕಿರುಚಿದೆ. "ಅಯ್ಯಯ್ಯ, ಲೈಟಿನ ಕಂಬ ಅಂತ ಮೊದ್ಲ ಅನ್ನಬಾರ್ದೇನ್ರಿ" ಎನ್ನುತ್ತಲೇ ಅವನು ಫೋನು ಇಟ್ಟ.

ನಾನು ಅಳಿಯನ ಕಡೆ ತಿರುಗಿದೆ. "ಏನಂತ ಹೇಳಿದ್ರಿ ಅವಂಗ?"

"ದೀಪದ ಕಂಬದ ಹತ್ರ ಬನ್ನಿ ಅಂದೆ ಮಾವ. ನೀವು ಹೇಳಿದ್ದನ್ನೇ ಹೇಳಿದೆ."

"ನಾ ಲೈಟಿನ ಕಂಬ ಅಂದಿದ್ದೆ!"

"ಎರಡೂ ಒಂದೇ ಅಲ್ವಾ?"

"ನಿಮ್ಮ ಶುದ್ಧ ಕನ್ನಡ ನನ್ನ ಮಗಳನ್ನ ತಿಂದು ಹಾಕ್ತದ, ನೋಡ್ರಿ!"

ಇಡೀ ಗಲ್ಲಿ ಕೇಳುವಂತೆ ಕೂಗಿದೆ. ಅವನ ಮುಖ ಬಿಳಿಚಿತು. ಹೆಂಡತಿಯ ಕೈಯನ್ನು ತನ್ನ ಕೈಯಿಂದ ಬಿಡಿಸಿ ಖಾಲಾಳ ಕೈಯಲ್ಲಿಟ್ಟು, ಚಪ್ಪಲಿ ಅಲ್ಲೇ ಬಿಟ್ಟು, ಹಳ್ಳದ ಸೇತುವೆಯ ಕಡೆ ಓಡಿದ. ಮತ್ತೆ ದಾರಿ ತಪ್ಪಬಾರದೆಂದು ಗಾಡಿಯನ್ನು ಅಲ್ಲೇ ಅಡ್ಡಗಟ್ಟಿ, ಅದರಲ್ಲೇ ಕೂತು ಬಂದ. ಇಳಿದಾಗ ಅವನ ಕಾಲಿಗೆ ಜಾಲಿ ಮುಳ್ಳು ನಾಟಿ ರಕ್ತ ಬರುತ್ತಿತ್ತು. ಅವನು ನೋಡಿಕೊಳ್ಳಲಿಲ್ಲ, ನಾವೂ ಹೇಳಲಿಲ್ಲ.

ಜೇವರ್ಗಿಯ ದಾರಿಯಲ್ಲಿ ನಾನು ಡ್ರೈವರನ ಪಕ್ಕ ಕೂತಿದ್ದೆ. ಹಿಂದೆ ತಿರುಗಿ ನೋಡುವ ಧೈರ್ಯವಿರಲಿಲ್ಲ. ಮಗಳು ನರಳುವ ದನಿ ಕೇಳುತ್ತಿದ್ದರೆ ಅದು ಯಾಕೆ ನಿಲ್ಲುತ್ತಿಲ್ಲ ಎಂದು ಭಯ, ನಿಂತರೆ ಯಾಕೆ ನಿಂತಿತು ಎಂದು ಭಯ. "ಜಲ್ದಿ ಹೋಗೋ" ಎಂದರೆ ಡ್ರೈವರ್ ಜೋರಾಗಿ ಹೋಗುತ್ತಿದ್ದ, ಗಾಡಿ ಕುಣಿದರೆ "ಸಾವಕಾಶ ಹೋಗಲೇ" ಎಂದು ನಾನೇ ಬೈಯುತ್ತಿದ್ದೆ. ಪಾಪ, ಆ ಮನುಷ್ಯ ಎರಡನ್ನೂ ಮಾಡಿದ. ಅಳಿಯ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯಲ್ಲಿ ಬಂದುದನ್ನೆಲ್ಲ ಅವಳಿಗೆ ಹೇಳುತ್ತಿದ್ದ. ಈಗ ಒಂದು ಪೆಟ್ರೋಲ್ ಬಂಕ್ ಬಂತು, ಈಗ ಹತ್ತಿ ತುಂಬಿದ ಲಾರಿ ದಾಟಿದೆವು, ಈಗ ಊರು ಬಂತು, ಎಲ್ಲ ಅಂಗಡಿ ತೆರೆದಿವೆ ಎಂದು. ಅವಳು "ಹೂಂ, ಹೂಂ" ಅನ್ನುತ್ತಿದ್ದಳು. ನನಗೆ ಮಾಡಲು ತೋಚದ ಕೆಲಸವನ್ನು ಅವನು ಮಾಡಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದರು. "ಕಣ್ಣ ಕಾಣಲ್ದ ಎಷ್ಟೊತ್ತಾತು?" ಗಾಡಿ ಸಿಗಲು ಯಾಕೆ ತಡವಾಯಿತು ಎಂದು ವಿವರಿಸಲು ಹೋದೆ. ಕಂಬ ಎಂದೆ, ಅವರು ಒಳಗೆ ಹೋಗಿಬಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಯಾವ ಕಂಬದ ಕಥೆಯನ್ನು ಯಾರು ಕೇಳುತ್ತಾರೆ? ಇಂಜೆಕ್ಷನ್ ಕೊಟ್ಟರು, ಆಪರೇಷನ್ ಮಾಡಿದರು. ಹೆಣ್ಣು ಕೂಸು, ದಿನ ತುಂಬುವ ಮೊದಲೇ ಬಂದದ್ದು, ಕಾವು ಕೊಡುವ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ ಎಂದು ಬಂದು ಹೇಳಿದರು. ತಾಯಿಯ ಜೀವಕ್ಕೆ ಸದ್ಯ ಭಯವಿಲ್ಲ ಎಂದರು. ಕಣ್ಣು? "ಬಹಳಷ್ಟು ಮಂದಿಗೆ ತಿರುಗಿ ಬರ್ತದ. ಎದ್ದ ಮ್ಯಾಲ ನೋಡೋಣ್ರಿ" ಎಂದರು. ಬಹಳಷ್ಟು ಮಂದಿ ಎಂದರೆ ಎಲ್ಲರೂ ಅಲ್ಲ. ಆ ಉಳಿದ ಕೆಲವರಲ್ಲಿ ನನ್ನ ಮಗಳು ಇರಬಾರದು ಎಂದು ನಾನು ಗೋಡೆಗೆ ತಲೆ ಆನಿಸಿ ಕೂತೆ.

ಅಳಿಯ ಬಂದು ಪಕ್ಕದ ಬೆಂಚಿನಲ್ಲಿ ಕೂತ. ಯಾರೋ ಅವನ ಕಾಲಿಗೆ ಬಟ್ಟೆ ಸುತ್ತಿದ್ದರು. "ಮಾವ, ನಾನು ಹೇಳಿದ ಪದ ತಪ್ಪಾ?" ಎಂದು ಕೇಳಿದ.

"ತಪ್ಪಲ್ರಿ. ನಾ ಹೇಳಿದ್ದೂ ತಪ್ಪಲ್ಲ. ಆ ಡ್ರೈವರ್ ಹೋಗಿ ನಿಂತಿದ್ದೂ ತಪ್ಪಲ್ಲ. ಅದಕ್ಕ ನನಗ ಅಂಜಿಕಿ ಆಗಾಕತ್ತದ."

ಈಗಲೂ ಆ ಅಂಜಿಕೆ ಹೋಗಿಲ್ಲ. ತಪ್ಪು ಮಾಡಿದವನೊಬ್ಬ ಇದ್ದರೆ ಅವನನ್ನು ಬೈದು ಹಗುರಾಗಬಹುದು. ಎಲ್ಲರೂ ಸರಿಯಾಗಿಯೇ ಮಾತಾಡಿ, ಎಲ್ಲರೂ ಹೇಳಿದ ಜಾಗದಲ್ಲೇ ನಿಂತು, ನಡುವೆ ಒಂದು ಜೀವ ಹೋಗುವಷ್ಟು ಹೊತ್ತು ಕಳೆದರೆ ಯಾರನ್ನು ಬೈಯುವುದು? ಇಂದಿಗೂ ಯಾರಾದರೂ ಗಿರಣಿಯ ಮುಂದೆ ನಿಂತು ಫೋನಿನಲ್ಲಿ "ಕಂಬದ ಹತ್ರ ಬಾ" ಎಂದರೆ ನಾನು ಹಿಟ್ಟಿನ ಕೈ ಒರೆಸಿಕೊಂಡು ಹೊರಗೆ ಬರುತ್ತೇನೆ. ಯಾವ ಕಂಬ ಅಂತ ಹೇಳ್ರಿ, ಗಿರಣಿ ಅನ್ನಿರಿ, ಬೇವಿನ ಗಿಡ ಅನ್ನಿರಿ, ಅವನು ತಿಳಿದುಕೊಂಡದ್ದನ್ನು ಅವನ ಬಾಯಲ್ಲೇ ತಿರುಗಿ ಹೇಳಿಸಿರಿ ಎಂದು ಕಾಡುತ್ತೇನೆ. ಮುದುಕನಿಗೆ ಅರಳು ಮರಳು ಎಂದು ಹುಡುಗರು ನಗುತ್ತಾರೆ. ನಗಲಿ.

ಆಪರೇಷನ್ ಆದ ಮರುದಿನ ಬೆಳಿಗ್ಗೆ ಮಗಳಿಗೆ ಎಚ್ಚರವಾಯಿತು. ನಮ್ಮನ್ನು ಒಳಗೆ ಬಿಟ್ಟರು. ಅವಳ ಕಣ್ಣು ಮುಚ್ಚಿತ್ತು. ಡಾಕ್ಟರಮ್ಮ ಕಿಟಕಿಯ ಪರದೆ ಸ್ವಲ್ಪ ಸರಿಸಿ, "ಕಣ್ಣ ತೆರಿಯವ್ವ, ಗಡಿಬಿಡಿ ಇಲ್ಲ" ಎಂದರು. ಅವಳು ತೆರೆಯಲಿಲ್ಲ. ತೆರೆದರೆ ಏನೂ ಕಾಣದಿದ್ದರೆ ಎಂಬ ಹೆದರಿಕೆ ಅವಳಿಗೂ ಇತ್ತು ಎಂದು ಆಮೇಲೆ ಹೇಳಿದಳು. ಅಳಿಯ ಹಾಸಿಗೆಯ ಆ ಬದಿ, ನಾನು ಈ ಬದಿ. ನರ್ಸಮ್ಮ ಹೋಗಿ ಕೂಸನ್ನು ಒಂದು ಗಳಿಗೆಗೆ ಪೆಟ್ಟಿಗೆಯಿಂದ ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅವಳ ಮಗ್ಗುಲಿಗೆ ಹಿಡಿದಳು. ಕೂಸು ಸಣ್ಣಗೆ ಕುಂಯ್ ಅಂದಿತು.

ಮಗಳು ಆ ಕಡೆ ಹೊರಳಿದಳು. ರೆಪ್ಪೆಗಳು ತೆರೆದುಕೊಂಡವು. ಕೂಸಿನ ಮುಖದ ಮೇಲೆ ಅವಳ ದೃಷ್ಟಿ ನಿಂತಿತೋ, ಸುಮ್ಮನೆ ಆ ಕಡೆ ಇತ್ತೋ ನನಗೆ ತಿಳಿಯಲಿಲ್ಲ. ಆಮೇಲೆ ಹುಬ್ಬು ಗಂಟಿಕ್ಕಿ, ತನಗೇ ಹೇಳಿಕೊಳ್ಳುವಂತೆ, "ಕಿವಿ ಮ್ಯಾಲ ಕೂದಲಾ ಅದಾವಲ್ಲೋ ಅಪ್ಪಾ, ಥೇಟ್ ನಿನ್ನಂಗ!" ಅಂದಳು.

ಅಳಿಯ ನೆಲದ ಮೇಲೆ ಕೂತೇಬಿಟ್ಟ. ನಾನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಗ್ಗಿ, ಆ ಸಣ್ಣ ಕಿವಿಯನ್ನು ನೋಡಿದೆ. ನನಗೆ ಒಂದು ಕೂದಲೂ ಕಾಣಲಿಲ್ಲ. ಕಣ್ಣು ತುಂಬಿ ಕನ್ನಡಕವೆಲ್ಲ ಒದ್ದೆಯಾಗಿತ್ತು. "ಹೌದವ್ವ, ಅದಾವ" ಎಂದೆ.